ದೂರದ ಕೌಂಟಿಯಲ್ಲಿ ಉಳಿದುಹೋದ ವಾರಂಟ್: ಓದುಗರ ಕಾನೂನು ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕೆಲವು ತಿಂಗಳಿಂದ ಒಂದೇ ವಿಷಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಪ್ರವಾಸದಲ್ಲೋ ಊರು ಬದಲಿಸುವಾಗಲೋ, ಹೆಸರೂ ನೆನಪಿಲ್ಲದ ಒಂದು ಹಳ್ಳಿಗಾಡಿನ ಕೌಂಟಿಯಲ್ಲಿ (ರಾಜ್ಯದೊಳಗಿನ ಜಿಲ್ಲೆಯಂಥ ವಿಭಾಗ) ಕೈಗೆ ಬಂದ ಟ್ರಾಫಿಕ್ ಟಿಕೆಟ್ ಮರೆತುಹೋಗಿ, ವರ್ಷಗಳ ನಂತರ ‘ಬೆಂಚ್ ವಾರಂಟ್’ ಎಂಬ ಹೆಸರಿನಲ್ಲಿ ಮರಳಿ ಬಂದು ನಿದ್ದೆ ಕೆಡಿಸುವ ಸಂಗತಿ ಅದು. ಬಂದ ಪತ್ರಗಳಲ್ಲಿ ಆರನ್ನು ಆರಿಸಿ ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ. ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬದಲಾಗುತ್ತದೆ. ಆದ್ದರಿಂದ ಇಲ್ಲಿ ಹೇಳಿರುವುದು ದಾರಿ ತೋರಿಸಬಲ್ಲದೇ ಹೊರತು, ನಿಮ್ಮ ಪ್ರಕರಣದ ಕಾಗದಗಳನ್ನು ಓದಿದ ಸ್ಥಳೀಯ ವಕೀಲರ ಸಲಹೆಯ ಜಾಗವನ್ನು ತುಂಬಲಾರದು.

ಪ್ರಶ್ನೆ: ಮೂರು ವರ್ಷಗಳ ಹಿಂದೆ ಡೆನ್ವರ್‌ನಿಂದ ಕಾನ್ಸಾಸ್ ಸಿಟಿಗೆ ಕಾರಿನಲ್ಲಿ ಹೋಗುತ್ತಿದ್ದಾಗ ಪಶ್ಚಿಮ ಕಾನ್ಸಾಸ್‌ನಲ್ಲಿ ಅತಿವೇಗಕ್ಕೆ ಟಿಕೆಟ್ ಕೊಟ್ಟರು. ಅದೇ ತಿಂಗಳು ನಾನು ಕೆಲಸ ಬದಲಿಸಿ ಇಲಿನಾಯ್‌ಗೆ ಬಂದೆ. ಟಿಕೆಟ್ ಎಲ್ಲೋ ಕಳೆದುಹೋಯಿತು. ಹಳೆಯ ವಿಳಾಸಕ್ಕೆ ಬಂದಿರಬಹುದಾದ ಪತ್ರಗಳೂ ಕೈಸೇರಲಿಲ್ಲ. ನನ್ನ ಹೆಸರಿನಲ್ಲಿ ವಾರಂಟ್ ಇದೆಯೇ ಎಂದು ತಿಳಿಯುವುದು ಹೇಗೆ? ಪೊಲೀಸರನ್ನೇ ಕೇಳಿದರೆ ಅಲ್ಲೇ ಹಿಡಿದು ಕೂರಿಸುತ್ತಾರೆಯೇ?
— ಓದುಗರೊಬ್ಬರು, ಇಲಿನಾಯ್

ಉತ್ತರ: ಮೊದಲಿಗೆ, ವಾರಂಟ್‌ಗಳಲ್ಲಿ ಎರಡು ಬಗೆ ಇದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಭಯ ಕಡಿಮೆಯಾಗುತ್ತದೆ. ಅಪರಾಧ ನಡೆದಿದೆ, ಇಂಥವರೇ ಮಾಡಿರಬಹುದು ಎಂದು ಪೊಲೀಸರು ಪ್ರಮಾಣ ಮಾಡಿ ಹೇಳಿದ್ದನ್ನು ನ್ಯಾಯಾಧೀಶರು ಒಪ್ಪಿ ಹೊರಡಿಸುವುದು ಸಾಮಾನ್ಯ ಬಂಧನ ವಾರಂಟ್. ಬೆಂಚ್ ವಾರಂಟ್ ಹಾಗಲ್ಲ. ಅದು ನ್ಯಾಯಾಲಯದ ಮಾತನ್ನು ಮೀರಿದ್ದಕ್ಕೆ, ಅಂದರೆ ಕರೆದ ದಿನ ಹಾಜರಾಗದಿದ್ದಕ್ಕೆ, ದಂಡ ಕಟ್ಟದಿದ್ದಕ್ಕೆ ಅಥವಾ ಪ್ರೊಬೇಷನ್ (ಜೈಲಿನ ಬದಲು ಷರತ್ತಿನ ಮೇಲೆ ಹೊರಗಿರಲು ಕೊಟ್ಟ ಅವಕಾಶ) ಷರತ್ತು ಮುರಿದದ್ದಕ್ಕೆ, ನ್ಯಾಯಾಧೀಶರು ತಮ್ಮ ಪೀಠದಿಂದಲೇ ಹೊರಡಿಸುವ ಆಜ್ಞೆ. ಟೆಕ್ಸಾಸ್‌ನಂಥ ಕೆಲವು ರಾಜ್ಯಗಳಲ್ಲಿ ಇಂಥದ್ದಕ್ಕೆ ‘ಕೇಪಿಯಸ್’ ಎಂಬ ಹಳೆಯ ಹೆಸರು ಇನ್ನೂ ಬಳಕೆಯಲ್ಲಿದೆ. ನ್ಯಾಯಾಲಯಕ್ಕೆ ಬೇಕಾಗಿರುವುದು ನೀವು ಎದುರಿಗೆ ಬರುವುದು. ಆದರೆ ಇದಕ್ಕೆ ಮುಕ್ತಾಯದ ದಿನಾಂಕವಿರುವುದಿಲ್ಲ. ಹೊರಡಿಸಿದ ನ್ಯಾಯಾಲಯವೇ ವಾಪಸ್ ಪಡೆಯುವವರೆಗೆ ಅದು ಜೀವಂತವಾಗಿಯೇ ಇರುತ್ತದೆ. ಎಷ್ಟೋ ಜನ ಮೂರು ವರ್ಷ, ಐದು ವರ್ಷ ಕಳೆದರೆ ತಾನಾಗಿಯೇ ಬಿದ್ದುಹೋಗುತ್ತದೆ ಎಂದುಕೊಂಡಿರುತ್ತಾರೆ. ಅದು ತಪ್ಪು ತಿಳಿವಳಿಕೆ.

ಹಾಗೆಂದು ಟಿಕೆಟ್ ಮರೆತವರೆಲ್ಲರ ಮೇಲೂ ವಾರಂಟ್ ಇರುತ್ತದೆ ಎಂದೂ ಅಲ್ಲ. ಸಣ್ಣ ಸಂಚಾರ ಉಲ್ಲಂಘನೆಗೆ ಉತ್ತರಿಸದಿದ್ದರೆ ಹಲವು ಕಡೆ ಚಾಲನಾ ಪರವಾನಗಿಯನ್ನು ಅಮಾನತು ಮಾಡಿ ಸುಮ್ಮನಾಗುತ್ತಾರೆ. ಬೇರೆ ರಾಜ್ಯದ ಪರವಾನಗಿ ಹೊಂದಿದವರನ್ನೂ ಇದು ಬಿಡುವುದಿಲ್ಲ. ಬಹುಪಾಲು ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಂಡಿರುವುದರಿಂದ, ಟಿಕೆಟ್ ಕೊಟ್ಟ ರಾಜ್ಯ ತಿಳಿಸಿದರೆ ನಿಮ್ಮ ರಾಜ್ಯವೇ ಪರವಾನಗಿಯನ್ನು ತಡೆಹಿಡಿಯುತ್ತದೆ. ಆದ್ದರಿಂದ ನಿಮ್ಮ ಹುಡುಕಾಟವನ್ನು ಮನೆಯಿಂದಲೇ ಆರಂಭಿಸಬಹುದು. ಪರವಾನಗಿ ಕೊಟ್ಟ ಇಲಾಖೆಯಿಂದ ನಿಮ್ಮ ಚಾಲನಾ ದಾಖಲೆಯ ಪ್ರತಿಯನ್ನು ತರಿಸಿಕೊಳ್ಳಿ. ಅಲ್ಲಿ ಕಾನ್ಸಾಸ್‌ನ ಅಮಾನತು ಕಂಡರೆ ಯಾವ ನ್ಯಾಯಾಲಯ, ಯಾವ ದಿನಾಂಕ ಎಂಬ ಸುಳಿವೂ ಅದರೊಡನೆ ಸಿಗುವ ಸಾಧ್ಯತೆ ಇದೆ.

ಇನ್ನು ಕೌಂಟಿಯನ್ನು ಪತ್ತೆಹಚ್ಚುವ ಮಾತು. ಕಾನ್ಸಾಸ್‌ನಲ್ಲಿ 105 ಕೌಂಟಿಗಳಿವೆ. ಕೊಲೊರಾಡೊ ಗಡಿ ದಾಟಿ ಇಂಟರ್‌ಸ್ಟೇಟ್ 70ರಲ್ಲಿ ಪೂರ್ವಕ್ಕೆ ಬರುವವರು ಶೆರ್ಮನ್, ಥಾಮಸ್, ಗೋವ್, ಟ್ರೀಗೊ, ಎಲ್ಲಿಸ್ ಮುಂತಾದ ಕೌಂಟಿಗಳನ್ನು ಹಾದುಬರುತ್ತಾರೆ. ಆ ದಿನ ಪೆಟ್ರೋಲ್ ಹಾಕಿಸಿದ, ಊಟ ಮಾಡಿದ ಕ್ರೆಡಿಟ್ ಕಾರ್ಡ್ ಲೆಕ್ಕವನ್ನು ತೆಗೆದು ನೋಡಿದರೆ ಯಾವ ಎರಡು ಊರುಗಳ ನಡುವೆ ನಿಮ್ಮನ್ನು ನಿಲ್ಲಿಸಿದರು ಎಂಬುದನ್ನು ಊಹಿಸಬಹುದು. ಹೆದ್ದಾರಿಯ ಮೇಲೆ ಕಾಣುವ ಊರೇ ನ್ಯಾಯಾಲಯ ಇರುವ ಊರು ಎಂದು ಭಾವಿಸಬೇಡಿ. ಗೋವ್ ಕೌಂಟಿಯಲ್ಲಿ ಹೆದ್ದಾರಿಯ ಅಂಚಿನಲ್ಲಿರುವುದು ಕ್ವಿಂಟರ್ ಮುಂತಾದ ಊರುಗಳು. ನ್ಯಾಯಾಲಯವಿರುವುದು ಅಲ್ಲಿಂದ ದಕ್ಷಿಣಕ್ಕೆ, ನೂರು ಜನರೂ ವಾಸಿಸದ ಗೋವ್ ಸಿಟಿಯಲ್ಲಿ. ಇನ್ನೊಂದು ಸೂಕ್ಷ್ಮವೂ ಇದೆ. ಹೆದ್ದಾರಿ ಗಸ್ತಿನವರು ಅಥವಾ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಚೇರಿಯವರು ಕೊಟ್ಟ ಟಿಕೆಟ್ ಕೌಂಟಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತದೆ. ಊರಿನ ಪೊಲೀಸರು ನಗರದ ಉಪವಿಧಿಯಡಿ ಕೊಟ್ಟದ್ದು ಆ ಊರಿನ ಮುನಿಸಿಪಲ್ ನ್ಯಾಯಾಲಯಕ್ಕೆ ಹೋಗುತ್ತದೆ. ಇವೆರಡರ ಕಡತಗಳು ಬೇರೆಬೇರೆ.

ಕೌಂಟಿ ತಿಳಿದ ಮೇಲೆ ಆ ರಾಜ್ಯದ ನ್ಯಾಯಾಂಗದ ಅಧಿಕೃತ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿ. ಕಾನ್ಸಾಸ್‌ನ ಜಿಲ್ಲಾ ನ್ಯಾಯಾಲಯಗಳಿಗೆ, ಅಯೋವಾ, ಮಿಸೌರಿ, ವಿಸ್ಕಾನ್ಸಿನ್, ಇಂಡಿಯಾನಾ, ಪೆನ್ಸಿಲ್ವೇನಿಯಾಗಳಿಗೆ ಇಂಥ ಹುಡುಕಾಟದ ಸೌಲಭ್ಯವಿದೆ. ಆದರೆ ಮುನಿಸಿಪಲ್ ನ್ಯಾಯಾಲಯಗಳು ಅನೇಕ ಕಡೆ ಈ ವ್ಯವಸ್ಥೆಯ ಹೊರಗಿರುವುದರಿಂದ, ಅಲ್ಲಿ ಹೆಸರು ಕಾಣಲಿಲ್ಲ ಎಂದಮಾತ್ರಕ್ಕೆ ವಾರಂಟ್ ಇಲ್ಲವೆಂದು ತೀರ್ಮಾನಿಸಬಾರದು. ಕೆಲವು ಶೆರಿಫ್ ಕಚೇರಿಗಳು ಜಾರಿಯಲ್ಲಿರುವ ವಾರಂಟ್‌ಗಳ ಪಟ್ಟಿಯನ್ನು ಪ್ರಕಟಿಸುತ್ತವೆ. ಸಣ್ಣ ಕೌಂಟಿಗಳಲ್ಲಿ ಆ ಪಟ್ಟಿಗೆ ಹೊಸ ಹೆಸರು ಸೇರುವುದೂ ಹಳೆಯ ಹೆಸರು ಹೋಗುವುದೂ ನಿಧಾನ. ಹಣ ಪಡೆದು ‘ವಾರಂಟ್ ಇದೆಯೇ ನೋಡಿ’ ಎನ್ನುವ ಖಾಸಗಿ ತಾಣಗಳಿಗೆ ಒಂದು ಡಾಲರ್ ಕೂಡ ಕೊಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಏಕೆಂದರೆ ಅವು ತೋರಿಸುವುದು ಎಲ್ಲಿಂದಲೋ ಎತ್ತಿಕೊಂಡ ಹಳೆಯ ಮಾಹಿತಿ. ಎಫ್‌ಬಿಐ 1967ರಿಂದ ನಡೆಸುತ್ತಿರುವ ರಾಷ್ಟ್ರೀಯ ಅಪರಾಧ ಮಾಹಿತಿ ಕೇಂದ್ರದ ದತ್ತಾಂಶ ಪೊಲೀಸರ ಕೈಗೆ ಮಾತ್ರ ಎಟುಕುವಂಥದ್ದು. ಸಾರ್ವಜನಿಕರಾಗಲಿ ಖಾಸಗಿ ತಾಣಗಳಾಗಲಿ ಅದನ್ನು ನೋಡುವಂತಿಲ್ಲ.

ಹುಡುಕುವಾಗ ನಮ್ಮವರನ್ನು ಎಡವಿಸುವುದು ಹೆಸರು. ಇನಿಷಿಯಲ್ ಬಿಡಿಸಿ ಬರೆದ ತಂದೆಯ ಹೆಸರು ಒಂದು ಕಡೆ ಮೊದಲ ಹೆಸರಾಗಿ, ಇನ್ನೊಂದು ಕಡೆ ಕುಲನಾಮವಾಗಿ ದಾಖಲಾಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರ (‘ಮೊದಲ ಹೆಸರು ತಿಳಿದಿಲ್ಲ’ ಎಂಬುದರ ಇಂಗ್ಲಿಷ್ ಸಂಕ್ಷೇಪ) ಮುದ್ರಿತವಾಗಿ, ಪರವಾನಗಿಗೂ ಟಿಕೆಟ್ಟಿಗೂ ಅದೇ ಇಳಿದುಬಂದಿರುತ್ತದೆ. ರಾತ್ರಿಯ ರಸ್ತೆಯಲ್ಲಿ ಅಧಿಕಾರಿ ಕೈಯಲ್ಲಿ ಬರೆದುಕೊಂಡ ‘ವೆಂಕಟಸುಬ್ಬಯ್ಯ’ ಯಾವ ರೂಪ ತಳೆದಿರುತ್ತದೆಯೋ ಹೇಳಲಾಗದು. ಆದ್ದರಿಂದ ಹೆಸರನ್ನು ಹಿಂದುಮುಂದು ಮಾಡಿ, ಕಾಗುಣಿತ ಬದಲಿಸಿ, ಮೊದಲ ನಾಲ್ಕು ಅಕ್ಷರವಷ್ಟೇ ಹಾಕಿ ಹುಡುಕಿ, ಹುಟ್ಟಿದ ದಿನಾಂಕದೊಡನೆ ತಾಳೆ ನೋಡಿ.

ಇಷ್ಟಾದರೂ ಖಚಿತವಾಗದಿದ್ದರೆ ಫೋನ್ ಮಾಡಬೇಕಾದದ್ದು ಶೆರಿಫ್‌ಗೆ ಅಲ್ಲ, ನ್ಯಾಯಾಲಯದ ಕ್ಲರ್ಕ್ ಕಚೇರಿಗೆ. ಹಳ್ಳಿಗಾಡಿನ ನ್ಯಾಯಾಲಯಗಳಲ್ಲಿ ಈ ಒಬ್ಬ ವ್ಯಕ್ತಿಯೇ ಕಡತ, ದಂಡ, ದಿನಾಂಕ ಎಲ್ಲವನ್ನೂ ಬಲ್ಲವರು. ಬೆಳಗಿನ ಹೊತ್ತು ಸಮಾಧಾನದಿಂದ ಮಾತನಾಡಿದರೆ ದೊಡ್ಡ ನಗರದ ನ್ಯಾಯಾಲಯದಲ್ಲಿ ಸಿಗದಷ್ಟು ಸಹಾಯ ಸಿಗುತ್ತದೆ. ಪ್ರಕರಣದ ಸಂಖ್ಯೆ ಏನು, ಈಗಿನ ಸ್ಥಿತಿ ಏನು, ವಾರಂಟ್ ಹೊರಟಿದೆಯೇ, ಹೊರಟಿದ್ದರೆ ಅದರ ಮೇಲೆ ಜಾಮೀನು ಮೊತ್ತ ಬರೆದಿದೆಯೇ, ದಂಡ ಕಟ್ಟಿ ಮುಗಿಸಬಹುದಾದ ಪ್ರಕರಣವೇ ಅಥವಾ ಹಾಜರಾಗಲೇಬೇಕೇ ಎಂಬಷ್ಟನ್ನು ಕೇಳಿ. ಕ್ಲರ್ಕ್ ಕಾನೂನು ಸಲಹೆ ಕೊಡುವಂತಿಲ್ಲ; ‘ನಾನು ಏನು ಮಾಡಲಿ’ ಎಂದು ಕೇಳಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಆ ದಿನ ಎಷ್ಟು ವೇಗದಲ್ಲಿದ್ದಿರಿ, ಏಕೆ ಬರಲಿಲ್ಲ ಎಂಬ ಕಥೆಯನ್ನೂ ಅವರಿಗೆ ಹೇಳುವ ಅಗತ್ಯವಿಲ್ಲ.

ಫೋನ್ ಮಾಡಿದ್ದಕ್ಕೆ ಯಾರೂ ಇಲಿನಾಯ್‌ಗೆ ಬಂದು ನಿಮ್ಮನ್ನು ಹಿಡಿಯುವುದಿಲ್ಲ. ಸಣ್ಣ ಪ್ರಕರಣದ ವಾರಂಟ್‌ಗೆ ಕೌಂಟಿಯವರು ತಮ್ಮ ರಾಜ್ಯದೊಳಗೆ ಅಥವಾ ನೆರೆರಾಜ್ಯಗಳಿಂದ ಮಾತ್ರ ಕರೆತರುವುದಾಗಿ ನಮೂದಿಸುವುದು ವಾಡಿಕೆ. ಆದರೆ ಶೆರಿಫ್ ಕಚೇರಿಗೆ ಖುದ್ದಾಗಿ ಹೋಗಿ ಕೇಳುವುದು ಬೇರೆ ಮಾತು. ವಾರಂಟ್ ಇರುವವರು ಎದುರಿಗೇ ನಿಂತಿದ್ದರೆ ಬಂಧಿಸುವುದು ಅವರ ಕರ್ತವ್ಯ, ಮತ್ತು ಅವರು ಅದನ್ನು ಮಾಡುತ್ತಾರೆ. ಕೇಳಲೇಬೇಕೆಂದಿದ್ದರೆ ವಕೀಲರ ಮೂಲಕ ಕೇಳಿಸಿ.

ಪ್ರಶ್ನೆ: ವಾರಂಟ್ ಇರುವುದು ಖಚಿತವಾಗಿದೆ. ಟೆಕ್ಸಾಸ್‌ನ ಒಂದು ಸಣ್ಣ ಕೌಂಟಿ. ಇಲ್ಲಿಂದ ಒಂದು ಹಗಲಿನ ಪ್ರಯಾಣ. ದಂಡ, ಶುಲ್ಕ ಎಲ್ಲ ಸೇರಿ ಬೆಳೆದಿರುವ ಮೊತ್ತವನ್ನು ಒಂದೇ ಸಲ ಕಟ್ಟುವ ಸ್ಥಿತಿಯಲ್ಲಿ ನಾನಿಲ್ಲ, ಏಕೆಂದರೆ ಕಳೆದ ವರ್ಷ ಕೆಲಸ ಹೋಯಿತು. ಹೋದರೆ ಜೈಲಿಗೆ ಹಾಕುತ್ತಾರೆ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ. ಏನು ಮಾಡಬೇಕು?
— ಓದುಗರೊಬ್ಬರು, ಟೆಕ್ಸಾಸ್

ಉತ್ತರ: ನಿಮ್ಮ ಸ್ನೇಹಿತರ ಮಾತಿಗೆ ವಿರುದ್ಧವಾದದ್ದೇ ಹೆಚ್ಚು ನಿಜ. ತಾವಾಗಿ ಬಂದವರನ್ನು ನ್ಯಾಯಾಧೀಶರು ನೋಡುವ ರೀತಿಗೂ, ರಸ್ತೆಯಲ್ಲಿ ಸಿಕ್ಕಿಬಿದ್ದು ಕೈಕೋಳದಲ್ಲಿ ಬಂದವರನ್ನು ನೋಡುವ ರೀತಿಗೂ ಬಹಳ ಅಂತರವಿದೆ. ಟೆಕ್ಸಾಸ್‌ನಲ್ಲಿ ಇದು ಬರೀ ಸೌಜನ್ಯದ ಮಾತೂ ಅಲ್ಲ. ದಂಡ ಮಾತ್ರ ವಿಧಿಸಬಹುದಾದ ಪ್ರಕರಣಗಳಲ್ಲಿ, ಮೊದಲ ದಿನ ಬರಲಿಲ್ಲವೆಂದು ಜಸ್ಟಿಸ್ (ಕೌಂಟಿಯ ಕೆಳಹಂತದ) ಅಥವಾ ಮುನಿಸಿಪಲ್ ನ್ಯಾಯಾಲಯ ನೇರವಾಗಿ ವಾರಂಟ್ ಹೊರಡಿಸುವಂತಿಲ್ಲ, ಮುಂಚೆ ಫೋನಿನಲ್ಲೋ ಅಂಚೆಯಲ್ಲೋ ಇನ್ನೊಂದು ದಿನಾಂಕ ತಿಳಿಸಬೇಕು, ವ್ಯಕ್ತಿ ತಾನಾಗಿ ಬಂದು ಪ್ರಕರಣ ಬಗೆಹರಿಸಲು ಯತ್ನಿಸಿದರೆ ಆ ವಾರಂಟನ್ನು ಹಿಂಪಡೆಯಬೇಕು ಎಂದು ಅಲ್ಲಿನ ಶಾಸನಸಭೆ 2017ರಲ್ಲಿಯೇ ಕಾನೂನು ತಿದ್ದಿದೆ. ನಿಮಗೆ ಆ ಸೂಚನೆ ಬಂದಿತ್ತೇ, ಯಾವ ವಿಳಾಸಕ್ಕೆ ಹೋಗಿತ್ತು ಎಂಬುದನ್ನು ಕಡತದಲ್ಲಿ ನೋಡಿಸಿ.

ವಾರಂಟ್ ಕಳೆಯುವ ದಾರಿಗಳು ಸ್ಥೂಲವಾಗಿ ಮೂರು. ದಂಡ ಕಟ್ಟಿದರೆ ಮುಗಿಯುವ ಪ್ರಕರಣವಾದರೆ ಕ್ಲರ್ಕ್ ಕಚೇರಿಗೆ ಹಣ ಸಂದಾಯ ಮಾಡುವುದೇ ಸುಲಭ. ಆದರೆ ಕಟ್ಟುವುದೆಂದರೆ ತಪ್ಪೊಪ್ಪಿಗೆ ಎಂದೇ ದಾಖಲಾಗುತ್ತದೆ ಎಂಬುದನ್ನು ಮರೆಯಬಾರದು. ಎರಡನೆಯದು, ವಾರಂಟ್ ಹಿಂಪಡೆಯಿರಿ ಎಂದು ವಕೀಲರ ಮೂಲಕ ಅರ್ಜಿ ಸಲ್ಲಿಸುವುದು. ಸಣ್ಣ ಅಪರಾಧಗಳಲ್ಲಿ ಅನೇಕ ರಾಜ್ಯಗಳು ಕಕ್ಷಿದಾರರ ಬದಲು ವಕೀಲರೇ ಹಾಜರಾಗಲು ಬಿಡುವುದರಿಂದ ನಿಮ್ಮ ಪ್ರಯಾಣವೇ ತಪ್ಪಬಹುದು. ಇಲ್ಲಿ ಆರಿಸಬೇಕಾದದ್ದು ಹೂಸ್ಟನ್‌ನ ದೊಡ್ಡ ಕಚೇರಿಯನ್ನಲ್ಲ, ಆ ಕೌಂಟಿಯಲ್ಲೋ ಪಕ್ಕದ ಕೌಂಟಿಯಲ್ಲೋ ದಿನವೂ ಓಡಾಡುವ ವಕೀಲರನ್ನು. ಹಳ್ಳಿಗಾಡಿನಲ್ಲಿ ಸರ್ಕಾರಿ ವಕೀಲರೂ ನ್ಯಾಯಾಧೀಶರೂ ಕ್ಲರ್ಕ್ ಕೂಡ ಒಬ್ಬರನ್ನೊಬ್ಬರು ಬಲ್ಲವರು. ಅಲ್ಲಿಯವರಿಗೆ ಒಂದು ಫೋನ್ ಕರೆಯಲ್ಲಿ ಆಗುವ ಕೆಲಸಕ್ಕೆ ಹೊರಗಿನವರು ಮೂರು ಅರ್ಜಿ ಬರೆಯಬೇಕಾಗುತ್ತದೆ. ಮೂರನೆಯದು, ನೀವೇ ಹೋಗಿ ಹಾಜರಾಗುವುದು.

ನೀವೇ ಹೋಗುವುದಾದರೆ ದಿನದ ಆಯ್ಕೆಯಲ್ಲಿಯೇ ಅರ್ಧ ಕೆಲಸವಿದೆ. ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ. 2020ರ ಜನಗಣತಿಯಲ್ಲಿ 64 ಜನ ಮಾತ್ರ ಸಿಕ್ಕ ಲವಿಂಗ್ ಕೌಂಟಿಯೂ ಅವುಗಳಲ್ಲಿ ಒಂದು. ಇಂಥ ಕಡೆ ಒಬ್ಬರೇ ಜಿಲ್ಲಾ ನ್ಯಾಯಾಧೀಶರು ಹಲವು ಕೌಂಟಿಗಳನ್ನು ಸುತ್ತುತ್ತಾರೆ, ಪ್ರತಿ ದಿನವೂ ಕಲಾಪ ಇರುವುದಿಲ್ಲ. ಶುಕ್ರವಾರ ಮಧ್ಯಾಹ್ನ ಹೋಗಿ ಶೆರಿಫ್ ಮುಂದೆ ನಿಂತರೆ ಸೋಮವಾರದವರೆಗೆ ಒಳಗಿರಬೇಕಾದ ಪ್ರಸಂಗ ಬರಬಹುದು. ಆದ್ದರಿಂದ ಕ್ಲರ್ಕ್‌ಗೆ ಫೋನ್ ಮಾಡಿ, ನ್ಯಾಯಾಧೀಶರು ಪೀಠದಲ್ಲಿರುವ ದಿನ ಯಾವುದು, ಮುಂಚಿತವಾಗಿ ಪಟ್ಟಿಯಲ್ಲಿ ಹೆಸರು ಸೇರಿಸಬಹುದೇ, ಬೇರೆ ಊರಿನವರಿಗೆ ವಿಡಿಯೋ ಮೂಲಕ ಹಾಜರಾಗಲು ಅವಕಾಶವಿದೆಯೇ ಎಂದು ಕೇಳಿ, ವಾರದ ಮೊದಲ ದಿನಗಳಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವಂತೆ ಹೊರಡಿ. ಪರವಾನಗಿ ಅಮಾನತಾಗಿದ್ದರೆ ಕಾರನ್ನು ಬೇರೆಯವರು ಓಡಿಸಲಿ; ಹಳೆಯ ಟಿಕೆಟ್ ಬಗೆಹರಿಸಲು ಹೋಗುವ ದಾರಿಯಲ್ಲಿ ಹೊಸ ಅಪರಾಧ ಮಾಡಿಕೊಂಡವರ ಕಥೆಗಳು ಇಲ್ಲದಿಲ್ಲ.

ವಾರಂಟಿನ ಮೇಲೆ ಜಾಮೀನು ಮೊತ್ತ ಬರೆದಿದ್ದರೆ ಅದು ಪೂರ್ತಿ ನಗದೇ, ಅಥವಾ ಜಾಮೀನುದಾರರ ಭರವಸೆ ಸಾಕೇ ಎಂಬುದನ್ನೂ ತಿಳಿದುಕೊಳ್ಳಿ. ನಗದು ಕಟ್ಟಿದರೆ ಪ್ರಕರಣ ಮುಗಿದ ಮೇಲೆ ಅದು ದಂಡಕ್ಕೆ ಜಮೆಯಾಗಬಹುದು ಅಥವಾ ಮರಳಿ ಬರಬಹುದು. ಜಾಮೀನು ವ್ಯಾಪಾರಿಗೆ ಕೊಡುವ ಶುಲ್ಕ, ಸಾಮಾನ್ಯವಾಗಿ ಮೊತ್ತದ ನೂರಕ್ಕೆ ಹತ್ತು, ಮರಳಿ ಬರುವುದಿಲ್ಲ. ಇಲಿನಾಯ್, ಕೆಂಟಕಿ, ಆರೆಗಾನ್, ವಿಸ್ಕಾನ್ಸಿನ್‌ಗಳಲ್ಲಿ ಈ ವ್ಯಾಪಾರಕ್ಕೇ ಅವಕಾಶವಿಲ್ಲ, ಟೆಕ್ಸಾಸ್‌ನಲ್ಲಿದೆ.

ಈಗ ನಿಮ್ಮ ಮುಖ್ಯ ಚಿಂತೆಗೆ ಬರೋಣ. ಹಣವಿಲ್ಲದವರನ್ನು ಹಣವಿಲ್ಲ ಎಂಬ ಒಂದೇ ಕಾರಣಕ್ಕೆ ಜೈಲಿಗೆ ಹಾಕುವಂತಿಲ್ಲ ಎಂಬುದು 1983ರಲ್ಲಿ ಬಿಯರ್ಡನ್ ವಿರುದ್ಧ ಜಾರ್ಜಿಯಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಡ್ಯಾನಿ ಬಿಯರ್ಡನ್ ಅವರಿಗೆ 500 ಡಾಲರ್ ದಂಡ, 250 ಡಾಲರ್ ಪರಿಹಾರ ವಿಧಿಸಲಾಗಿತ್ತು. ಹೆತ್ತವರಿಂದ ಸಾಲ ಪಡೆದು 200 ಡಾಲರ್ ಕಟ್ಟಿದ ಮೇಲೆ ಅವರ ಕೆಲಸ ಹೋಯಿತು; ಉಳಿದದ್ದನ್ನು ಕಟ್ಟಲಿಲ್ಲವೆಂದು ಪ್ರೊಬೇಷನ್ ರದ್ದುಮಾಡಿ ಸೆರೆಗೆ ಕಳುಹಿಸಿದರು. ಕಟ್ಟಲಾಗದೆ ಕಟ್ಟಲಿಲ್ಲವೋ, ಕಟ್ಟಬಲ್ಲವರಾಗಿದ್ದೂ ಕಟ್ಟಲಿಲ್ಲವೋ ಎಂದು ವಿಚಾರಿಸದೆ ಹೀಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ನ್ಯಾಯಾಧೀಶರು ತಾವಾಗಿ ಕೇಳುತ್ತಾರೆ ಎಂದು ಕಾಯುತ್ತ ಕೂರಬೇಡಿ. ಕೆಲಸ ಹೋದ ಪತ್ರ, ಬ್ಯಾಂಕ್ ಲೆಕ್ಕ, ಬಾಡಿಗೆ ಕರಾರು, ನಿರುದ್ಯೋಗ ಭತ್ಯೆಯ ಕಾಗದ ಎಲ್ಲವನ್ನೂ ಜೊತೆಗೆ ಒಯ್ದು, ‘ನನಗೆ ಈಗ ಕಟ್ಟುವ ಶಕ್ತಿ ಇಲ್ಲ, ಕಂತು ಮಾಡಿಕೊಡಿ ಅಥವಾ ಸಮುದಾಯ ಸೇವೆಗೆ ಬದಲಿಸಿ’ ಎಂದು ಬಾಯಿಬಿಟ್ಟು ಕೇಳಿ. ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಎಂಬ ಅಂಕಿ ಸಿದ್ಧವಾಗಿರಲಿ, ಅದು ನಿಜವಾಗಿಯೂ ಕಟ್ಟಬಲ್ಲ ಅಂಕಿಯಾಗಿರಲಿ. ಉತ್ಸಾಹದಲ್ಲಿ ದೊಡ್ಡ ಕಂತು ಒಪ್ಪಿಕೊಂಡು ಎರಡನೇ ತಿಂಗಳಿಗೇ ತಪ್ಪಿದರೆ ಮತ್ತೊಂದು ವಾರಂಟ್ ಹೊರಡುತ್ತದೆ.

ಆರೋಪಕ್ಕೆ ಜೈಲುವಾಸದ ಶಿಕ್ಷೆ ನಿಜವಾಗಿ ಬೀಳುವುದಿದ್ದರೆ, ಅಪರಾಧ ಎಷ್ಟೇ ಚಿಕ್ಕದಿರಲಿ, ಹಣವಿಲ್ಲದವರಿಗೆ ವಕೀಲರನ್ನು ಒದಗಿಸಬೇಕು ಎಂಬ ನಿಯಮ 1972ರ ಆರ್ಗರ್‌ಸಿಂಗರ್ ಪ್ರಕರಣದಿಂದ ಜಾರಿಯಲ್ಲಿದೆ. ಬರೀ ದಂಡದ ಪ್ರಕರಣಕ್ಕೆ ಆ ಹಕ್ಕು ಸಿಗದು. ಇಂಗ್ಲಿಷ್‌ನಲ್ಲಿ ತೊಡಕಿದ್ದರೆ ದುಭಾಷಿ ಬೇಕೆಂದು ಕೆಲವು ದಿನ ಮುಂಚೆಯೇ ತಿಳಿಸಿ. ಕನ್ನಡ ಬಲ್ಲವರನ್ನು ಅಂಥ ಊರಿನಲ್ಲಿ ಹುಡುಕಲು ಅವರಿಗೂ ಸಮಯ ಬೇಕಲ್ಲವೇ?

ಪ್ರಶ್ನೆ: ಶೆರಿಫ್ ಕಚೇರಿಯ ಹೆಸರು ಹೇಳಿಕೊಂಡು ಒಬ್ಬರು ಫೋನ್ ಮಾಡಿ, ಜ್ಯೂರಿ (ವಿಚಾರಣೆಯಲ್ಲಿ ತೀರ್ಪು ಕೊಡುವ ನಾಗರಿಕರ ಮಂಡಳಿ) ಕರೆಗೆ ಹಾಜರಾಗದ ಕಾರಣ ನನ್ನ ಮೇಲೆ ವಾರಂಟ್ ಇದೆ, ಒಂದು ಗಂಟೆಯೊಳಗೆ ಗಿಫ್ಟ್ ಕಾರ್ಡ್ ಮೂಲಕ ಹಣ ಕಟ್ಟಿದರೆ ಬಂಧನ ತಪ್ಪುತ್ತದೆ ಎಂದರು. ಫೋನಿನಲ್ಲಿ ಕಂಡ ಸಂಖ್ಯೆ ಶೆರಿಫ್ ಕಚೇರಿಯದೇ ಆಗಿತ್ತು. ನಾನಿನ್ನೂ ಅಮೆರಿಕದ ಪೌರಳಲ್ಲ. ಜ್ಯೂರಿ ಪತ್ರವೊಂದು ಹಿಂದೆ ಬಂದಿದ್ದು ನಿಜ, ಅದನ್ನು ಎಸೆದಿದ್ದೆ.
— ಓದುಗರೊಬ್ಬರು, ಒಹಾಯೋ

ಉತ್ತರ: ಆ ಕರೆ ಮೋಸ. ಪರದೆಯ ಮೇಲೆ ಬೇಕಾದ ಸಂಖ್ಯೆ ಕಾಣುವಂತೆ ಮಾಡುವುದು ಮೋಸಗಾರರಿಗೆ ಕಷ್ಟವಲ್ಲ. ಯಾವ ಶೆರಿಫ್ ಕಚೇರಿಯೂ ಯಾವ ನ್ಯಾಯಾಲಯವೂ ಗಿಫ್ಟ್ ಕಾರ್ಡ್‌ನಲ್ಲಿ, ಬಿಟ್‌ಕಾಯಿನ್‌ನಲ್ಲಿ ಹಣ ಪಡೆದು ವಾರಂಟ್ ಕಳೆಯುವುದಿಲ್ಲ. ಕೊಟ್ಟಿದ್ದರೆ ಆ ಕಾರ್ಡಿನ ಕಂಪನಿಗೂ ಸ್ಥಳೀಯ ಪೊಲೀಸರಿಗೂ ಈ ದಿನವೇ ತಿಳಿಸಿ. ಜ್ಯೂರಿ ಪತ್ರದ ವಿಷಯ ಮಾತ್ರ ಬೇರೆ. ಪರವಾನಗಿಯ ಪಟ್ಟಿಯಿಂದಲೂ ಹೆಸರು ಆರಿಸುವುದರಿಂದ ಪೌರರಲ್ಲದವರಿಗೂ ಅದು ಬರುವುದುಂಟು. ನೀವು ಜ್ಯೂರಿಯಲ್ಲಿ ಕೂರುವಂತಿಲ್ಲ, ಆದರೆ ಉತ್ತರಿಸದೆ ಎಸೆಯುವಂತೆಯೂ ಇಲ್ಲ. ‘ಪೌರರಲ್ಲ’ ಎಂಬ ಜಾಗದಲ್ಲಿ ಗುರುತು ಹಾಕಿ ಮರಳಿಸಬೇಕಿತ್ತು. ಈಗಲೂ ಆ ನ್ಯಾಯಾಲಯದ ಜ್ಯೂರಿ ವಿಭಾಗಕ್ಕೆ, ಅದರ ಅಧಿಕೃತ ತಾಣದಲ್ಲಿರುವ ಸಂಖ್ಯೆಗೆ, ನೀವೇ ಕರೆಮಾಡಿ ಹೇಳಿ. ಯಾವ ಕಾರಣಕ್ಕೂ ಪೌರಳೆಂದು ಗುರುತು ಹಾಕಬೇಡಿ. ಆ ಸುಳ್ಳು ವಲಸೆ ಕಾನೂನಿನಲ್ಲಿ ತರುವ ಕಷ್ಟಕ್ಕೆ ಹೋಲಿಸಿದರೆ ಜ್ಯೂರಿ ತಪ್ಪಿಸಿದ್ದು ಏನೂ ಅಲ್ಲ.

ಪ್ರಶ್ನೆ: ಎಚ್-1ಬಿ ವೀಸಾದ ಮೇಲೆ ಇದ್ದೇನೆ. ಒಂದು ಸಣ್ಣ ಕೌಂಟಿಯಲ್ಲಿ ನನ್ನ ಮೇಲೆ ಅಜಾಗರೂಕ ಚಾಲನೆಯ ಪ್ರಕರಣವಿದ್ದು, ವಿಚಾರಣೆಯ ದಿನಾಂಕ ತಪ್ಪಿದ್ದರಿಂದ ವಾರಂಟ್ ಹೊರಟಿದೆ. ಮುಂದಿನ ತಿಂಗಳು ಭಾರತಕ್ಕೆ ಹೋಗಿ ವೀಸಾ ಮುದ್ರೆ ಹಾಕಿಸಿಕೊಳ್ಳಬೇಕು. ಬಂದ ಮೇಲೆ ನೋಡಿಕೊಂಡರೆ ಆಗದೇ?
— ಓದುಗರೊಬ್ಬರು, ವರ್ಜೀನಿಯಾ

ಉತ್ತರ: ಆಗದು. ಹೋಗುವ ಮುಂಚೆ ಬಗೆಹರಿಸಿ. ಆಗದಿದ್ದರೆ ಪ್ರಯಾಣವನ್ನು ಮುಂದೂಡಿ. ವಾರಂಟ್ ರಾಷ್ಟ್ರೀಯ ದತ್ತಾಂಶಕ್ಕೆ ಸೇರಿದ್ದರೆ ಮರಳಿ ಬರುವಾಗ ವಿಮಾನ ನಿಲ್ದಾಣದ ಅಧಿಕಾರಿಗೆ ಅದು ಕಾಣುತ್ತದೆ. ಅಲ್ಲದೆ ವರ್ಜೀನಿಯಾದಲ್ಲಿ ಅಜಾಗರೂಕ ಚಾಲನೆ ಬರೀ ಸಂಚಾರ ಉಲ್ಲಂಘನೆಯಲ್ಲ, ಕ್ರಿಮಿನಲ್ ಅಪರಾಧ. ನಿಮ್ಮ ಪ್ರಕರಣ ಅಲ್ಲಿಯದೇ ಆಗಿದ್ದರೆ ದಂಡ ಕಟ್ಟಿ ಕೈತೊಳೆದುಕೊಳ್ಳುವ ಆತುರ ಬೇಡ.

ವಾರಂಟ್ ಇದ್ದಮಾತ್ರಕ್ಕೆ ಅದು ಶಿಕ್ಷೆಯಲ್ಲ, ಬಂಧನವೂ ಅಲ್ಲ. ಆದರೆ ಅದರ ಮೇಲೆ ಒಮ್ಮೆ ಬಂಧನವಾದರೆ ಬೆರಳಚ್ಚು ತೆಗೆಯುತ್ತಾರೆ, ಅದು ವಲಸೆ ಇಲಾಖೆಗೂ ತಲುಪುತ್ತದೆ. ವೀಸಾ ಅರ್ಜಿಯ ಡಿಎಸ್-160 ನಮೂನೆ, ಎಂದಾದರೂ ಬಂಧನವಾಗಿತ್ತೇ ಎಂದು ಕೇಳುತ್ತದೆ. ಪೌರತ್ವದ ಎನ್-400 ನಮೂನೆಯ ಪ್ರಶ್ನೆಗಳು ಇನ್ನೂ ವಿಶಾಲ. ಪ್ರಕರಣ ವಜಾ ಆಗಿದ್ದರೂ ‘ಇಲ್ಲ’ ಎಂದು ಬರೆಯುವಂತಿಲ್ಲ. ಬಂಧನವಿಲ್ಲದೆ, ವಕೀಲರ ಅರ್ಜಿಯ ಮೂಲಕ ವಾರಂಟ್ ವಾಪಸಾಗುವಂತೆ ನೋಡಿಕೊಳ್ಳುವುದರ ಬೆಲೆ ನಿಮ್ಮಂಥವರಿಗೆ ಎಷ್ಟೆಂಬುದು ಇದರಿಂದಲೇ ತಿಳಿಯುತ್ತದೆ. ಗಂಭೀರ ಅಪರಾಧದ ಪ್ರಕರಣಗಳಲ್ಲಂತೂ ನ್ಯಾಯಾಲಯದ ಆಜ್ಞೆ ಇದ್ದೂ ಗೈರಾಗಿ, ಅದಕ್ಕಾಗಿ ಶಿಕ್ಷೆಯಾದರೆ, ಅದೇ ಗಡೀಪಾರಿಗೆ ಕಾರಣವಾಗಬಹುದು.

ಇನ್ನೊಂದು ಮಾತು. ಕೌಂಟಿಯ ವಕೀಲರು ಕ್ರಿಮಿನಲ್ ಕೆಲಸದಲ್ಲಿ ನುರಿತವರಾಗಿದ್ದರೂ ವಲಸೆ ಕಾನೂನು ತಿಳಿದವರಾಗಿರಬೇಕೆಂದಿಲ್ಲ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಕಾನೂನುಬದ್ಧವಾಗಿ ನೆಲೆಸಿದ್ದ, ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಹೊಸೆ ಪಡಿಯಾ ಅವರಿಗೆ ಕೆಂಟಕಿಯಲ್ಲಿ ಅವರ ವಕೀಲರು, ಇಷ್ಟು ವರ್ಷ ಇಲ್ಲಿದ್ದೀರಿ, ವಲಸೆಯ ಚಿಂತೆ ಬೇಡ ಎಂದಿದ್ದರು. ಆ ಮಾತು ನಂಬಿ ತಪ್ಪೊಪ್ಪಿಕೊಂಡ ಅವರು ಗಡೀಪಾರು ಎದುರಿಸಬೇಕಾಯಿತು. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದೆಯೇ ಎಂದು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಅವರ ಪ್ರಕರಣದಲ್ಲಿಯೇ. ಹಾಗಾಗಿ ಸಹಿ ಹಾಕುವ ಮುಂಚೆ ವಲಸೆ ವಕೀಲರೊಬ್ಬರಿಗೂ ಕಾಗದ ತೋರಿಸಿ.

ಪ್ರಶ್ನೆ: ಯೆಲ್ಲೋಸ್ಟೋನ್‌ನಲ್ಲಿ ನಮ್ಮ ತಂದೆಯವರಿಗೆ ಪಾರ್ಕ್ ರೇಂಜರ್ ಒಂದು ಟಿಕೆಟ್ ಕೊಟ್ಟಿದ್ದರು. ವ್ಯೋಮಿಂಗ್‌ನ ಕೌಂಟಿಗಳಲ್ಲಿ, ಮೊಂಟಾನಾದಲ್ಲಿ ಎಲ್ಲಿ ಹುಡುಕಿದರೂ ಅವರ ಹೆಸರು ಸಿಗುತ್ತಿಲ್ಲ. ಸುಮ್ಮನಿರಬಹುದೇ?
— ಓದುಗರೊಬ್ಬರು, ವಾಷಿಂಗ್ಟನ್ ರಾಜ್ಯ

ಉತ್ತರ: ಸಿಗುವುದಿಲ್ಲ, ಏಕೆಂದರೆ ಅದು ಕೌಂಟಿಯದಲ್ಲ. ರಾಷ್ಟ್ರೀಯ ಉದ್ಯಾನದ ರೇಂಜರ್ ಕೊಡುವ ಟಿಕೆಟ್ ಸಾಮಾನ್ಯವಾಗಿ ಫೆಡರಲ್, ಅಂದರೆ ಕೇಂದ್ರದ, ನ್ಯಾಯಾಲಯದ್ದು. ಯೆಲ್ಲೋಸ್ಟೋನ್ ಮೂರು ರಾಜ್ಯಗಳಲ್ಲಿ ಹರಡಿದ್ದರೂ ಇಡೀ ಉದ್ಯಾನ ವ್ಯೋಮಿಂಗ್‌ನ ಫೆಡರಲ್ ಜಿಲ್ಲೆಗೆ ಸೇರಿದೆ. ಉದ್ಯಾನದೊಳಗೆ ಮ್ಯಾಮತ್ ಹಾಟ್ ಸ್ಪ್ರಿಂಗ್ಸ್‌ನಲ್ಲಿಯೇ ನ್ಯಾಯಾಲಯವಿದೆ. ಇಂಥ ಟಿಕೆಟ್‌ಗಳ ಲೆಕ್ಕ ನೋಡಿಕೊಳ್ಳುವುದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿರುವ ಕೇಂದ್ರ ಉಲ್ಲಂಘನಾ ಬ್ಯೂರೊ. ಟಿಕೆಟ್ ಸಂಖ್ಯೆಯೊಡನೆ ಅಲ್ಲಿ ವಿಚಾರಿಸಿ. ಹಾಜರಿ ಕಡ್ಡಾಯವಲ್ಲದಿದ್ದರೆ ಅಲ್ಲಿಯೇ ಹಣ ಕಟ್ಟಿ ಮುಗಿಸಬಹುದು. ಸುಮ್ಮನಿದ್ದರೆ ಫೆಡರಲ್ ಮ್ಯಾಜಿಸ್ಟ್ರೇಟರೂ ವಾರಂಟ್ ಹೊರಡಿಸಬಲ್ಲರು.

ಪ್ರಶ್ನೆ: ದಂಡ ಕಟ್ಟಿದೆ, ನ್ಯಾಯಾಧೀಶರು ವಾರಂಟ್ ವಾಪಸ್ ಪಡೆದದ್ದನ್ನು ಕಣ್ಣಾರೆ ಕಂಡೆ. ಎರಡು ವಾರಗಳ ನಂತರ ಪಕ್ಕದ ಕೌಂಟಿಯ ಶೆರಿಫ್ ಡೆಪ್ಯುಟಿ ಕಾರು ನಿಲ್ಲಿಸಿ, ನಿಮ್ಮ ಮೇಲೆ ವಾರಂಟ್ ಇದೆ ಎಂದು ಅರ್ಧ ಗಂಟೆ ಕೂರಿಸಿದರು. ಇದು ಹೇಗೆ ಸಾಧ್ಯ?
— ಓದುಗರೊಬ್ಬರು, ಅಲಬಾಮಾ

ಉತ್ತರ: ನಿಮ್ಮ ರಾಜ್ಯದಲ್ಲಿಯೇ ನಡೆದ ಇಂಥದ್ದೇ ಒಂದು ಪ್ರಸಂಗ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ. 2004ರ ಜುಲೈನಲ್ಲಿ ಬೆನ್ನಿ ಡೀನ್ ಹೆರಿಂಗ್ ಎಂಬುವರು, ಜಪ್ತಿಯಾಗಿದ್ದ ತಮ್ಮ ಟ್ರಕ್ಕಿನಿಂದ ಏನನ್ನೋ ತೆಗೆದುಕೊಳ್ಳಲು ಕಾಫಿ ಕೌಂಟಿಯ ಶೆರಿಫ್ ಕಚೇರಿಗೆ ಹೋಗಿದ್ದರು. ಅವರ ಮೇಲೆ ವಾರಂಟ್ ಇದೆಯೇ ಎಂದು ಅಲ್ಲಿನ ಅಧಿಕಾರಿ ಕೇಳಿದಾಗ, ತಮ್ಮ ಕೌಂಟಿಯಲ್ಲಿ ಇಲ್ಲವೆಂದ ಗುಮಾಸ್ತೆ ನೆರೆಯ ಡೇಲ್ ಕೌಂಟಿಗೆ ಫೋನ್ ಮಾಡಿದರು. ಹಾಜರಾಗದಿದ್ದಕ್ಕೆ ಹೊರಟ ವಾರಂಟ್ ಇದೆ ಎಂದು ಅಲ್ಲಿನ ಕಂಪ್ಯೂಟರ್ ಹೇಳಿತು. ಮೂಲ ಕಾಗದ ಕಳುಹಿಸಿ ಎಂದು ಕೇಳಿದ ಮೇಲೆ ಡೇಲ್ ಕೌಂಟಿಯವರು ಕಡತ ತೆರೆದು ನೋಡುವಷ್ಟರಲ್ಲಿ ಹತ್ತು ಹದಿನೈದು ನಿಮಿಷ ಕಳೆದಿತ್ತು; ಆ ವಾರಂಟ್ ಐದು ತಿಂಗಳ ಹಿಂದೆಯೇ ವಾಪಸಾಗಿತ್ತು. ಅಷ್ಟರೊಳಗೆ ಹೆರಿಂಗ್ ಬಂಧಿತರಾಗಿ, ಶೋಧದಲ್ಲಿ ಮಾದಕವಸ್ತುವೂ ಪಿಸ್ತೂಲೂ ಸಿಕ್ಕಿದ್ದವು. ದಾಖಲೆಯ ತಪ್ಪು ಒಬ್ಬರ ಅಜಾಗರೂಕತೆಯಿಂದ ಆದದ್ದೇ ಹೊರತು ಬೇಕೆಂದು ಮಾಡಿದ್ದಲ್ಲ, ಆದ್ದರಿಂದ ಆ ಸಾಕ್ಷ್ಯವನ್ನು ಹೊರಗಿಡಬೇಕಾಗಿಲ್ಲ ಎಂದು 2009ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಾಯಿತು. ದಾಖಲೆ ತಿದ್ದುವುದನ್ನು ಮರೆತವರ ತಪ್ಪಿನ ಭಾರವನ್ನು ರಸ್ತೆಯಲ್ಲಿ ಸಿಕ್ಕವರ ತಲೆಗೆ ಕಟ್ಟಿದ ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಆದರೆ ಕಾನೂನು ಸದ್ಯ ಹಾಗಿದೆ.

ನ್ಯಾಯಾಧೀಶರ ಸಹಿ ಬಿದ್ದ ಕಾಗದ ಕ್ಲರ್ಕ್ ಮೇಜಿಗೆ, ಅಲ್ಲಿಂದ ಶೆರಿಫ್ ಕಚೇರಿಗೆ, ಅಲ್ಲಿಂದ ರಾಜ್ಯದ ಮತ್ತು ರಾಷ್ಟ್ರದ ದತ್ತಾಂಶಕ್ಕೆ ಹೋಗಬೇಕು. ಇಬ್ಬರು ಮೂವರೇ ಎಲ್ಲ ಕೆಲಸ ಮಾಡುವ ಕೌಂಟಿಯಲ್ಲಿ ಇದರ ನಡುವೆ ಎಲ್ಲಾದರೂ ಒಂದು ಕಡೆ ಕಾಗದ ಕುಳಿತುಬಿಡುತ್ತದೆ. ಆದ್ದರಿಂದ ವಾರಂಟ್ ವಾಪಸಾದ ದಿನವೇ ಆ ಆದೇಶದ ಮುದ್ರೆಯಿರುವ ಪ್ರಮಾಣೀಕೃತ ಪ್ರತಿಗಳನ್ನು ಕ್ಲರ್ಕ್‌ನಿಂದ ಪಡೆದುಕೊಳ್ಳಬೇಕು. ಶೆರಿಫ್ ಕಚೇರಿಗೆ ಅದು ತಲುಪಿತೇ, ಕಂಪ್ಯೂಟರಿನಿಂದ ಹೆಸರು ತೆಗೆದರೇ ಎಂದು ವಾರದ ನಂತರ ಕ್ಲರ್ಕ್ ಮೂಲಕವೇ ವಿಚಾರಿಸಬೇಕು. ನೀವು ಈಗಲಾದರೂ ಇದನ್ನು ಮಾಡಿ. ಪರವಾನಗಿ ಅಮಾನತಾಗಿದ್ದರೆ ಅದು ವಾರಂಟಿನ ಜೊತೆಗೆ ತಾನಾಗಿ ತೆರವಾಗುವುದಿಲ್ಲ. ನ್ಯಾಯಾಲಯದ ಪತ್ರ ತೋರಿಸಿ, ಮರುಸ್ಥಾಪನೆಯ ಶುಲ್ಕವನ್ನು ಪ್ರತ್ಯೇಕವಾಗಿ ಕಟ್ಟಬೇಕು.

ಪ್ರಮಾಣೀಕೃತ ಪ್ರತಿಯ ಒಂದನ್ನು ಮನೆಯಲ್ಲಿಟ್ಟು ಇನ್ನೊಂದನ್ನು ಕಾರಿನಲ್ಲಿ ನೋಂದಣಿ ಪತ್ರದ ಜೊತೆಗೆ ಒಂದೆರಡು ವರ್ಷವಾದರೂ ಇಟ್ಟುಕೊಳ್ಳಿ. ಮುಂದೆ ಯಾರಾದರೂ ನಿಲ್ಲಿಸಿದಾಗ ಅದನ್ನು ತೆಗೆಯಲು ತಾವಾಗಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಕೈಹಾಕಬೇಡಿ. ಎರಡೂ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು, ವಾರಂಟ್ ವಾಪಸಾದ ಆದೇಶ ಆ ಪೆಟ್ಟಿಗೆಯಲ್ಲಿದೆ, ತೆಗೆಯಲೇ ಎಂದು ಮೊದಲು ಕೇಳಿ.